ಮಗು ಮೀಯಿಸುವ ಕಾಲಿನ ಮೇಲೊಂದು ಕುರು

ನಮ್ಮ ಮನೆಯ ಮಕ್ಕಳೆಲ್ಲ ಮಿಂದದ್ದು ನನ್ನ ಕಾಲ ಮೇಲೆ. ಮಣೆ ಹಾಕಿ, ಕಾಲು ನೀಡಿ ಕೂತು, ಮೊಣಕಾಲ ಕೆಳಗೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕುವುದು ಉಡುಪಿಯಿಂದ ಮರಾಠಿ ನಾಡಿನ ಠಾಕುರ್ಲಿಯ ಈ ಫ್ಲ್ಯಾಟಿಗೂ ನನ್ನ ಜೊತೆ ಬಂದ ವಿದ್ಯೆ. ಮೊಮ್ಮಗಳು ಹೆರಿಗೆಯಾಗಿ ಮನೆಗೆ ಬಂದಾಗ ತೆಂಗಿನೆಣ್ಣೆ ಬಿಸಿಮಾಡಿ ನಾನು ರೆಡಿ. ಅಷ್ಟರಲ್ಲಿ, ಸರಿಯಾಗಿ ಮೊಣಕಾಲ ಕೆಳಗೇ, ಎದ್ದಿತಲ್ಲ ಒಂದು ಕುರು!

ಅಕ್ಕಿಹಿಟ್ಟು, ಅರಸಿನದ ಬಿಸಿ ಪಟ್ಟು ಹಾಕಿದೆ. ಒಡೆದು ಕೀವು ಸೋರಿತು. ಡಾಕ್ಟರು “ಸ್ಟ್ಯಾಫ್ ಬ್ಯಾಕ್ಟೀರಿಯಾದ ಇನ್‌ಫೆಕ್ಷನ್” ಎಂದು ಮಾತ್ರೆ ಬರೆದರು.

“ಅಜ್ಜೀ, ಅದು ಒಣಗುವವರೆಗೆ ಮಗು ಮೀಯಿಸುವುದು ಬೇಡ,” ಎಂದಳು ಮೊಮ್ಮಗಳು. ರಬಾಳೆಯ ಲ್ಯಾಬೊಂದರಲ್ಲಿ ರಕ್ತಪರೀಕ್ಷೆ ಮಾಡುವವಳು. ನಾನು ಕಲಿತ ಕಾನ್ವೆಂಟಿನಲ್ಲಿ ಸಿಸ್ಟರ್ ದಿನವೂ ನಮ್ಮ ಉಗುರು ನೋಡುತ್ತಿದ್ದರು. ಈಗ ಇವಳ ಕೈಯಲ್ಲಿ ಕಾಲಿನ ಇನ್ಸ್‌ಪೆಕ್ಷನ್.

“ಎಂಥದ್ದು ಮಾರಾಯ್ತಿ! ಚಿಕ್ಕಂದಿನಲ್ಲಿ ಮಾವಿನಹಣ್ಣಿನ ಸೀಸನ್ ಬಂತೆಂದರೆ ನನಗೆ ಕುರು. ಮೈತುಂಬ ಆಂಟಿಬಾಡಿಯೇ ಇರಬೇಕು. ಬೇಕಾದರೆ ಟೆಸ್ಟ್ ಮಾಡು!”

“ಇರಬಹುದು. ಆ ಬ್ಯಾಕ್ಟೀರಿಯಾ ವಿಷ ಬಿಡುತ್ತದೆ, ವಿಷ ಹಿಡಿಯಲಿಕ್ಕೆ ಮೈ ಆಂಟಿಬಾಡಿ ಮಾಡುತ್ತದೆ. ಈಗ ಇನ್ನೂ ಜಾಸ್ತಿ ಆಗಬಹುದು. ಆದರೂ ಕುರು ಬಂತಲ್ಲ? ಇದು ದಡಾರದ ಹಾಗಲ್ಲ ಅಜ್ಜೀ, ಒಮ್ಮೆ ಬಂದರೆ ಮುಗಿಯಿತು ಅನ್ನಲಿಕ್ಕೆ.”

“ನನಗೆ ಬಂದರೆ ಬರಲಿ, ಬಿಡು.”

“ಹೌದಾ? ಆಂಟಿಬಾಡಿ ನಿಮಗೆ, ಕೀವು ಮಗುವಿಗಾ?”

ನಾನು ಎಣ್ಣೆ ಬಟ್ಟಲನ್ನು ಅವಳ ಕಡೆ ಸರಿಸಿದೆ.

ಕೊನೆಗೆ ಮಣೆಯ ಮೇಲೆ ಕೂತದ್ದು ಅವಳ ಗಂಡ, ಮರಾಠಿ ಹುಡುಗ. ಪ್ಯಾಂಟ್ ಮಡಚಿ, ಕಾಲು ನೀಡಿ, ಪರೀಕ್ಷೆಗೆ ಕೂತವನ ಮುಖ ಮಾಡಿಕೊಂಡು. ನಾನು ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಡೈರೆಕ್ಷನ್ ಕೊಡುತ್ತಿದ್ದೆ.

“ಆಜೀ, ಹೀಗಾ?”

“ಅಯ್ಯೋ, ಕಡಾಯಿ ತಿಕ್ಕುತ್ತಿದ್ದೀಯಾ? ಹಳೂ, ಹಳೂ!” ಅವನಿಗೆ ಅರ್ಥವಾಗಲೆಂದು ಮೆಲ್ಲಗೆ ಎನ್ನುವುದನ್ನು ನಾನು ಮರಾಠಿಯಲ್ಲೇ ಹೇಳುತ್ತಿದ್ದೆ. ಕೂಸು ಅವನ ಶರ್ಟಿಗೆ ಗುರಿಯಿಟ್ಟು ಉಚ್ಚೆ ಹೊಯ್ದಿತು. ಎಲ್ಲರೂ ನಕ್ಕರು, ನಾನೂ. ಆದರೆ ಸೀರೆಯ ಒಳಗೆ ನನ್ನ ಕಾಲುಗಳು ತಾವಾಗಿ ಜೋಡಿಕೊಂಡಿದ್ದವು, ಕೂಸು ಅಲ್ಲೇ ಇದೆಯೋ ಎಂಬಂತೆ.

ಗಾಯ ಪೂರ್ತಿ ಮಾಗಿತು, ಡಾಕ್ಟರೂ ಹೂಂ ಎಂದರು. ಸೀರೆ ಮೇಲೆ ಸೆಕ್ಕಿ ಮಣೆಯ ಮೇಲೆ ಕೂತೆ. ಕೂಸನ್ನು ಮಲಗಿಸಿದ್ದೇ ತಡ, ಮನೆಯೇ ಹಾರುವ ಹಾಗೆ ಕಿರುಚಿತು! ಅದಕ್ಕೆ ಅಪ್ಪನ ಕಾಲಿನ ಅಭ್ಯಾಸವಾಗಿಬಿಟ್ಟಿತ್ತು. ನನ್ನ ಕೈ ಎಣ್ಣೆ ಬಟ್ಟಲಿನ ಮೇಲೇ ನಿಂತಿತು.

ಬಾಗಿಲಲ್ಲಿ, ನನ್ನದೇ ಸ್ಟೂಲಿನ ಮೇಲಿಂದ, ಒಂದು ಸ್ವರ: “ಹಳೂ, ಆಜೀ, ಹಳೂ!”

ಅಪ್ಪನ ದನಿ ಕೇಳಿ ಕೂಸು ಸುಮ್ಮನಾಯಿತು. ನಾನು ಎಣ್ಣೆಗೆ ಬೆರಳದ್ದಿದೆ. “ನೀನು ಅಲ್ಲೇ ಕೂತು ಮಾತಾಡುತ್ತಿರು,” ಎಂದೆ ಅವನಿಗೆ.