ಬಾಗಿಲಲ್ಲಿ ಬಾಕಿ ಉಳಿದ ಹೆಸರು

ಏಕನಾಥಮ್ಮನನ್ನು ನಾವು ಕೆಲಸಕ್ಕೆ ಇಟ್ಟುಕೊಂಡದ್ದು ರೊಟ್ಟಿ ಬಡಿಯಲಿಕ್ಕೆ, ಗಿರಾಕಿಗಳನ್ನು ಬಾಗಿಲಲ್ಲಿ ಅಡ್ಡಗಟ್ಟಲಿಕ್ಕಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಚಿತ್ರದುರ್ಗದ ಹೈವೇ ಪಕ್ಕದ ನಮ್ಮ ಹೋಟೆಲಿಗೆ ಈಗ ಬರುವವರೆಲ್ಲ, ಶನಿವಾರದ ಒಗಟಿನ ಊಟ ನಮ್ಮ ಯಜಮಾನರ ತಲೆಯಲ್ಲಿ ಹುಟ್ಟಿದ್ದು ಎಂದೇ ತಿಳಿದಿದ್ದಾರೆ. ಯಜಮಾನರೂ ಅಲ್ಲ ಅನ್ನುವುದಿಲ್ಲ. ನಾನು ಅಲ್ಲಿ ಮ್ಯಾನೇಜರ್, ಹೆಸರು ಕೊಟ್ರೇಶ್. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಕೆಲಸದವರು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಮ್ಯಾನೇಜರಾದವನು ಅದನ್ನು ಬೇರೆಲ್ಲಿ ಇಟ್ಟುಕೊಳ್ಳಬೇಕೋ ನನಗೆ ತಿಳಿಯದು.

ಯಜಮಾನರು ಪಂಚಾಕ್ಷರಪ್ಪ. ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಕೈ ಕುದುರಿದ ಮೇಲೆ ಈ ಹೋಟೆಲ್ ಕಟ್ಟಿಸಿದರು. ರೂಮು ಚೆನ್ನಾಗಿವೆ, ಊಟ ಚೆನ್ನಾಗಿದೆ. ಆದರೂ ಅವರಿಗೆ ಒಂದೇ ಕೊರಗು. ಬಂದವರು ಕೋಟೆ ನೋಡುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ, ಬೆಳಿಗ್ಗೆ ಎದ್ದು ಹಂಪಿಯ ಕಡೆಗೆ ಗಾಡಿ ತಿರುಗಿಸುತ್ತಾರೆ. ಎರಡನೆಯ ರಾತ್ರಿಗೆ ಯಾರೂ ನಿಲ್ಲುವುದಿಲ್ಲ.

"ಇವ್ರನ್ನ ಹಿಡಿದು ನಿಲ್ಸಾಕೆ ಏನಾರ ಮಾಡ್ಬೇಕು ಕೊಟ್ರೇಶಿ. ಬರೀ ಹಾಸಿಗೆ ಕೊಟ್ರೆ ಛತ್ರಕ್ಕೂ ನಮಗೂ ಏನು ವ್ಯತ್ಯಾಸ ಐತೆ?" ಅನ್ನುತ್ತಿದ್ದರು.

ಬೆಂಗಳೂರಿನಲ್ಲಿ ಹೋಟೆಲ್ ಮಾಲೀಕರ ಯಾವುದೋ ಸಭೆಗೆ ಹೋಗಿ ಬಂದ ಮೇಲಂತೂ ಬಾಯಿ ತೆರೆದರೆ 'ಆಕ್ಟಿವಿಟಿ'. ಗಿರಾಕಿಗೆ ಆಕ್ಟಿವಿಟಿ ಬೇಕಂತೆ, ಆಕ್ಟಿವಿಟಿ ಇದ್ದರೆ ಇನ್ನೊಂದು ದಿನ ನಿಲ್ಲುತ್ತಾನಂತೆ, ನಿಂತರೆ ಕೈ ಬಿಚ್ಚಿ ಖರ್ಚು ಮಾಡುತ್ತಾನಂತೆ. ದುರ್ಗದ ಏಪ್ರಿಲ್ ಬಿಸಿಲಿಗೆ ಕಲ್ಲೇ ಕಾದು ಕೂತಿರುವಾಗ ಸಂಜೆ ಕ್ಯಾಂಪ್ ಫೈರ್ ಹಾಕಿಸಿದರು. ಬೆಂಕಿಯ ಹತ್ತಿರ ಹೋಟೆಲಿನ ನಾಯಿಯೂ ಸುಳಿಯಲಿಲ್ಲ, ಕೂತದ್ದು ನಾನೊಬ್ಬ, ಅದೂ ಸಂಬಳಕ್ಕೆ. ಗುಡ್ಡದ ತುಂಬ ಕರೆಂಟು ತೆಗೆಯುವ ಗಾಳಿ ಫ್ಯಾನು ತಿರುಗುವ ಊರಿನಲ್ಲಿ ಟೆರೇಸಿನ ಮೇಲೆ ಯೋಗ ಇಟ್ಟರು. ಚಾಪೆಗಳು ಹಾರಿ ಹೋಗಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಬಿದ್ದವು. ಕರೋಕೆ ತಂದರು, ಹಾಡಿದ್ದು ಅವರೊಬ್ಬರೇ. ತೆಂಗಿನಕಾಯಿ ಸುಲಿಯುವ ಸ್ಪರ್ಧೆ ಮಾಡಿದ ದಿನ ತುಮಕೂರಿನ ಗಿರಾಕಿಯೊಬ್ಬರ ಅಂಗೈ ಸ್ವಲ್ಪದರಲ್ಲಿ ಉಳಿಯಿತು. ಅಲ್ಲಿಗೆ ನಾನು ಕೈ ಮುಗಿದು, ಇನ್ನು ಸಾಕು ಯಜಮಾನ್ರೆ ಅಂದೆ.

ಇದೆಲ್ಲ ನಡೆಯುವಾಗ ಏಕನಾಥಮ್ಮ ಅಡುಗೆಮನೆಯಲ್ಲಿ ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದಳು. ಶ್ರೀರಾಂಪುರದ ಕಡೆಯ ಕುರಿಹಟ್ಟಿಯವಳು. ಮಗಳು ಯಮುನಾಳನ್ನು ದುರ್ಗಕ್ಕೆ ಕೊಟ್ಟ ಮೇಲೆ ಅವಳ ಮನೆಯಲ್ಲೇ ಇದ್ದುಕೊಂಡು ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಾಳೆ. ಗಂಡ ಜಂಪಣ್ಣ ಕುರಿ ಹೊಡೆದುಕೊಂಡು ಊರೂರು ತಿರುಗುವವನು. ಸುಗ್ಗಿ ಮುಗಿದರೆ ಸಾಕು, ಗೊಬ್ಬರಕ್ಕೆಂದು ಹೊಲದಲ್ಲಿ, ತೋಟದಲ್ಲಿ ಕುರಿ ನಿಲ್ಲಿಸಿಕೊಳ್ಳುವವರು ಕರೆಯುತ್ತಾರೆ. ಆಗ ಹೊರಟರೆ ಮಳೆಗಾಲಕ್ಕೇ ಮನೆ. ಅವನು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಆ ಉಳಿತಾಯವನ್ನೆಲ್ಲ ಹೆಂಡತಿ ಖರ್ಚು ಮಾಡುತ್ತಾಳೆ.

ಒಂದು ಸಂಜೆ ಹೊಸದಾಗಿ ಮದುವೆಯಾದ ಜೋಡಿ ಬಂತು. ಹುಡುಗ ಗೋವರ್ಧನ, ಹುಡುಗಿ ಕಾವ್ಯಶ್ರೀ. ಅವಳ ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ, ತಾಳಿಯ ದಾರದ ಅರಿಶಿನ ಹಸಿಯಾಗೇ ಇತ್ತು. ಊಟದ ಹಾಲಿಗೆ ಇಬ್ಬರೂ ಕಾಲಿಡಬೇಕು, ಅಷ್ಟರಲ್ಲಿ ರೊಟ್ಟಿ ಬುಟ್ಟಿ ಹಿಡಿದು ಬಂದ ಏಕನಾಥಮ್ಮ ಬುಟ್ಟಿಯನ್ನು ಮೇಜಿನ ಮೇಲೆ ಕುಕ್ಕಿ, ಬಾಗಿಲ ಎರಡೂ ಕಡೆಗೆ ಕೈ ಚಾಚಿ ನಿಂತೇಬಿಟ್ಟಳು.

"ಹೆಸರು ಹೇಳಿ ಒಳಗೆ ಬರ್ರಿ."

ನಮ್ಮ ಕಡೆ ಮದುವೆಯಾಗಿ ಮನೆ ತುಂಬಿಸಿಕೊಳ್ಳುವಾಗ ಹುಡುಗನ ಅಕ್ಕತಂಗಿಯರು ಬಾಗಿಲು ತಡೆಯುತ್ತಾರೆ. ಗಂಡ ಹೆಂಡತಿಯ ಹೆಸರನ್ನು, ಹೆಂಡತಿ ಗಂಡನ ಹೆಸರನ್ನು ಪ್ರಾಸದ ಪದದಲ್ಲಿ ಸೇರಿಸಿ ಹೇಳಬೇಕು. ಅದಕ್ಕೆ ಒಗಟು ಅನ್ನುತ್ತಾರೆ. ಹೇಳುವ ತನಕ ಒಳಗೆ ಬಿಡುವುದಿಲ್ಲ. ಆದರೆ ಅದು ಮದುವೆ ಮನೆಯ ಮಾತು. ದುಡ್ಡು ಕೊಟ್ಟು ಉಣ್ಣಲು ಬಂದವರನ್ನು ಹಸಿದ ಹೊಟ್ಟೆಯಲ್ಲಿ ನಿಲ್ಲಿಸುವುದೆಂದರೆ? ನಾನು ಕೌಂಟರ್ ಬಿಟ್ಟು ಓಡಿದೆ.

"ಏಕನಾಥಮ್ಮ, ಬಾಗ್ಲು ಬಿಡು. ಇದೇನು ನಿಮ್ಮ ಹಟ್ಟಿ ಅನ್ಕಂಡಿಯಾ?"

"ಮದುವಣಗಿತ್ತಿ ಸುಮ್ನೆ ಒಳಗೆ ನುಗ್ಗಿದ್ರೆ ಚೆಂದಿರ್ತೈತೇನ್ರಿ ಕೊಟ್ರೇಶಪ್ಪ? ಹೋಟ್ಲಾದ್ರೇನು, ಬಾಗ್ಲು ಬಾಗ್ಲೇ."

ನಾನು ಆ ಹುಡುಗನ ಹತ್ತಿರ ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ತಲೆ ಕೆರೆದುಕೊಂಡು ಶುರು ಮಾಡಿದ್ದ.

"ಕೋಟೆ ಹತ್ತಿ ಕಾಲು ನೋವು, ಹೊಟ್ಟೆ ಖಾಲಿ ಚೀಲ,
ಕಾವ್ಯಶ್ರೀ ಕೈ ಬಿಟ್ಟರೆ ನನಗೆ ಯಾರೂ ಇಲ್ಲ."

ಒಳಗೆ ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಮೇಜು ಕುಟ್ಟಿದರು. ಹುಡುಗಿಯ ಸರದಿ ಬಂದಾಗ ಅವಳು ಮುಖ ಕೆಂಪಗೆ ಮಾಡಿಕೊಂಡು, ನಾಳೆ ಹೇಳ್ತೀನಿ, ಒಂದಿನ ಟೈಮು ಕೊಡಿ ಅಂದಳು. ಏಕನಾಥಮ್ಮ ಯೋಚಿಸಿ, ಆಗಲಿ ಎಂದು ಒಂದು ಕೈ ಇಳಿಸಿದಳು. ಬೆಳಿಗ್ಗೆ ಹೊರಡಬೇಕಾಗಿದ್ದವರು ನಿಜವಾಗಿಯೂ ನಿಂತರು. ಮರುದಿನ ಸಂಜೆ ಆ ಹುಡುಗಿ ಅದೇ ಬಾಗಿಲಲ್ಲಿ ನಿಂತು ಹೇಳಿದಳು:

"ಬಿಸಿರೊಟ್ಟಿ ಮೇಲೆ ಬೆಣ್ಣೆ ಕರಗೋದು ಒಂದು ಕ್ಷಣ,
ನನ್ನ ನಗಿಸೋಕಂತಲೇ ಹುಟ್ಟಿದವರು ಗೋವರ್ಧನ."

ಯಜಮಾನರು ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಎರಡನೆಯ ರಾತ್ರಿಯ ಬಿಲ್ಲನ್ನಂತೂ ನೋಡಿದರು. ಮುಂದಿನ ಶನಿವಾರಕ್ಕೆ ಒಗಟಿನ ಊಟ ಶುರುವಾಯಿತು. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಮಾಮೂಲಿ ಊಟಕ್ಕಿಂತ ರೇಟು ಜಾಸ್ತಿ. ಜೋಡಿಯಾಗಿ ಬಂದವರು ಬಾಗಿಲಲ್ಲಿ ಒಗಟು ಹೇಳಬೇಕು. ಪ್ರಾಸ ಕೂಡದಿದ್ದರೆ ಏಕನಾಥಮ್ಮ ಮುಲಾಜಿಲ್ಲದೆ ಹಿಂದಕ್ಕೆ ಕಳಿಸುತ್ತಾಳೆ. ಹೊಳಲ್ಕೆರೆಯಿಂದ ಬಂದ ಎಪ್ಪತ್ತರ ಅಜ್ಜನೊಬ್ಬ ಹೆಂಡತಿಯ ಹೆಸರು ಹೇಳಿ ಟವೆಲಿನಿಂದ ಕಣ್ಣೊರೆಸಿಕೊಂಡಾಗ ನನ್ನ ಕಣ್ಣೂ ಒದ್ದೆಯಾಯಿತು. ಒಗ್ಗರಣೆಯ ಘಾಟು ಅಂದೆ, ಯಾರೂ ನಂಬಲಿಲ್ಲ.

ಎಲ್ಲರದೂ ಮುಗಿದ ಮೇಲೆ ಗಿರಾಕಿಗಳು ಅವಳನ್ನೇ ಹಿಡಿದುಕೊಳ್ಳುತ್ತಿದ್ದರು. ಎಲ್ಲಿ, ನಿಮ್ಮ ಗಂಡನ ಹೆಸರು ಹೇಳಿ ಅನ್ನುವರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ರಾಗವಾಗಿ ಎತ್ತುವಳು.

"ಏಳು ಸುತ್ತಿನ ಕೋಟೆಯಾಗೆ ತಣ್ಣನೆ ನೀರಿನ ಹೊಂಡ,
ಹೆಗಲ ಮ್ಯಾಲೆ ಕಂಬಳಿ ಹೊತ್ತು ಬಂದ ನನ್ನ ಗಂಡ,
ಅವ್ರ ಹೆಸರು..."

ಅಲ್ಲಿಗೆ ನಿಲ್ಲಿಸಿ, "ಅಯ್ಯೋ ರೊಟ್ಟಿ ಸೀದೋಗ್ತಾವೆ" ಎಂದು ಒಳಗೆ ಓಡುವಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ಬೇಕೆಂದೇ ಮಾಡುವ ನಾಟಕವೆಂದು ನಾನೂ ತಿಳಿದಿದ್ದೆ. ಒಂದು ದಿನ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ.

"ಎಲ್ಲರ ಬಾಯಿ ಬಿಡಿಸ್ತೀಯ, ನಿನ್ನ ಬಾಯಾಗೆ ಮಾತ್ರ ಯಾಕೆ ಬರಲ್ಲ?"

ಅವಳು ಹಿಟ್ಟು ಮಿದಿಯುತ್ತಲೇ ಹೇಳಿದಳು. ಅವಳ ಮದುವೆಯ ಸಂಜೆ ಹಟ್ಟಿಯ ಮನೆಯ ಬಾಗಿಲಲ್ಲಿ ನಾದಿನಿ ಕಾಳಕ್ಕ ಅಡ್ಡ ನಿಂತಿದ್ದಳಂತೆ. ಜಂಪಣ್ಣ ಇನ್ನೇನು ಒಗಟು ಹೇಳಬೇಕು, ಕುರಿದೊಡ್ಡಿಯ ಕಡೆಯಿಂದ ತೋಳ ಬಂತು ಎಂಬ ಕೂಗು. ಮದುಮಗ ಹಣೆಯ ಬಾಸಿಂಗವನ್ನೂ ಬಿಚ್ಚದೆ ದೊಣ್ಣೆ ಹಿಡಿದು ಓಡಿದ. ಮದುವಣಗಿತ್ತಿ ಒಬ್ಬಳೇ ಹೊಸ್ತಿಲ ಹೊರಗೆ ನಿಂತಳು. ಕತ್ತಲಾದ ಮೇಲೆ ಕಾಳಕ್ಕನಿಗೇ ಪಾಪ ಅನ್ನಿಸಿ, ಅವ್ನು ಆಮೇಲೆ ಹೇಳ್ಲಿ ಬಾರೇ ಎಂದು ಒಳಗೆ ಕರೆದುಕೊಂಡಳು.

"ಆ ಆಮೇಲೆ ಇನ್ನೂ ಬಂದಿಲ್ಲ ಕೊಟ್ರೇಶಪ್ಪ. ಏ ಅಂತಾರೆ, ಯಮುನನ ಅವ್ವ ಅಂತಾರೆ. ಗಂಡು ಹೇಳಿದ ಮ್ಯಾಲೆ ಹೆಣ್ಣು ಹೇಳಾದು ನಮ್ಮಲ್ಲಿ. ಅವ್ರು ಹೇಳ್ಳಿಲ್ಲ, ನಾನೂ ಹೇಳ್ಳಿಲ್ಲ. ಒಂದು ಸಲ ಅವ್ರ ಬಾಯಾಗೆ ನನ್ನ ಹೆಸರು ಕೇಳ್ಬೇಕು ಅಂತ ಆಸೆ ಐತೆ, ಸುಳ್ಳ್ಯಾಕೆ ಹೇಳ್ಲಿ."

"ಅವ್ರಿಗೆ ಹೇಳಿದೀಯೇನು ಇದನ್ನ?"

"ಕೇಳಿ ಹೇಳಿಸ್ಕಂಡ್ರೆ ಅದೇನು ಚೆಂದ?"

ಉಗ್ರಾಣದ ಬಾಗಿಲ ಹಿಂದೆ ಹೋಳಿಗೆ ರುಚಿ ನೋಡುತ್ತಿದ್ದ ಯಜಮಾನರು ಇದಷ್ಟನ್ನೂ ಕೇಳಿಸಿಕೊಂಡಿದ್ದರು. ಆ ವಾರವೇ ಜಂಪಣ್ಣನ ಕುರಿ ನಮ್ಮ ಹೋಟೆಲಿನ ಹಿಂದಿನ ಹೊಲಗಳ ಕಡೆಗೆ ಬಂದಿವೆ ಎಂಬುದೂ ಅವರ ಕಿವಿಗೆ ಬಿತ್ತು. ಇಷ್ಟು ಸಾಕಾಯಿತು. ಶುಕ್ರವಾರ ಬೆಳಿಗ್ಗೆ ನೋಡಿದರೆ ಹೈವೇಗೆ ಮುಖ ಮಾಡಿ ಆಳೆತ್ತರದ ಫ್ಲೆಕ್ಸ್: 'ಮದುವೆಯ ದಿನ ಹೇಳದೇ ಉಳಿದ ಹೆಸರು! ಏಕನಾಥಮ್ಮ - ಜಂಪಣ್ಣ ಜೋಡಿಯ ಒಗಟು, ಈ ಶನಿವಾರ, ವಿಶೇಷ ಊಟದೊಂದಿಗೆ.' ಮಧ್ಯಾಹ್ನದೊಳಗೆ ಶನಿವಾರದ ರೂಮುಗಳೆಲ್ಲ ಭರ್ತಿ.

ಏಕನಾಥಮ್ಮ ಕೆಲಸಕ್ಕೆ ಬರುವಾಗ ಅದನ್ನು ಓದಿಕೊಂಡೇ ಬಂದಳು. ಅವಳ ಮುಖವನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ಯಜಮಾನರು ಅವಳನ್ನು ಸಮಾಧಾನ ಮಾಡಲು ಬಂದರು.

"ಎರಡು ಸಾಲು ಹೇಳಿದ್ರೆ ಆತು ಏಕನಾಥಮ್ಮ. ಹೊಸ ಸೀರೆ ಕೊಡಿಸ್ತೀನಿ. ಅವ್ನಿಗೂ ಏನಾರ ಕೊಡಾಣ."

"ಕಾಸಿಗೆ ಹೇಳಿದ್ರೆ ಅದು ನನ್ನ ಹೆಸರು ಹೆಂಗಾಗ್ತೈತೆ ಯಜಮಾನ್ರೆ? ನಿಮ್ಮ ಆಟ ಆಗ್ತೈತೆ. ನಾನು ಇಷ್ಟು ವರ್ಷ ಕಾದಿದ್ದು ನಿಮ್ಮ ಬೋರ್ಡಿಗಲ್ಲ."

ಅಷ್ಟು ಹೇಳಿ ಮನೆಯಿಂದ ತಂದಿದ್ದ ತನ್ನ ರೊಟ್ಟಿ ಹಲಗೆಯನ್ನು ತೊಳೆದು ಕಂಕುಳಲ್ಲಿ ಇಟ್ಟುಕೊಂಡಳು. ಇನ್ನು ಬರುವುದಿಲ್ಲ ಎಂದು ಬಾಯಿ ಬಿಟ್ಟು ಹೇಳುವ ಅಗತ್ಯವಿರಲಿಲ್ಲ. ನನಗೆ ಯಜಮಾನರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಸಂಬಳ ಕೊಡುವವರು ಎನ್ನುವುದನ್ನೂ ಮರೆತು, "ಮೊದ್ಲು ಆ ಫ್ಲೆಕ್ಸ್ ಇಳಿಸ್ರಿ" ಎಂದು ಗದರಿದೆ. ಅವರು ರುಬ್ಬುವ ಯಂತ್ರದ ಪಕ್ಕ ಪೆಚ್ಚಾಗಿ ನಿಂತರು.

ಅವಳು ಹಿಂಬಾಗಿಲು ತೆರೆದರೆ ಎದುರಿಗೇ ಜಂಪಣ್ಣ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದೊಣ್ಣೆ, ಕಾಲ ತುಂಬ ಧೂಳು.

"ರೋಡಿನಾಗೆ ಬೋರ್ಡು ಐತೆ," ಎಂದ. "ನನ್ನ ಹೆಸರು ಐತೆ. ಲಾರಿಯವ್ನು ಓದಿ ಹೇಳ್ದ."

ಏಕನಾಥಮ್ಮ ಅವನನ್ನೇ ನೋಡುತ್ತ ನಿಂತಳು. ಆಮೇಲೆ ಹಲಗೆಯನ್ನು ಗೋಡೆಗೆ ಒರಗಿಸಿ, ನಿಧಾನವಾಗಿ ಎರಡೂ ಕೈಗಳನ್ನು ಬಾಗಿಲ ಚೌಕಟ್ಟಿಗೆ ಇಟ್ಟಳು. ರುಬ್ಬುವ ಯಂತ್ರ ಗರಗರ ಅನ್ನುತ್ತಿತ್ತು. ಯಜಮಾನರೇ ಕೈ ಚಾಚಿ ಅದರ ಸ್ವಿಚ್ಚು ಆರಿಸಿದರು.

"ತೋಳ ಬಂದಿತ್ತು," ಅಂದ ಜಂಪಣ್ಣ.

"ಗೊತ್ತೈತೆ."

"ನಾನು ತಿರುಗಿ ಬರಾ ಹೊತ್ತಿಗೆ ನೀನು ಒಳಗಿದ್ದೆ. ಆಮ್ಯಾಲೆ ಹೆಂಗೆ ಹೇಳಾದು ಅಂತ ತಿಳೀಲಿಲ್ಲ."

"ಈಗ ಹೊರಗಿದೀರಲ್ಲ."

ಅವನು ದೊಣ್ಣೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ನೆಲ ನೋಡಿದ. "ಪದ ಕಟ್ಟಾಕೆ ಬರಲ್ಲ ನಂಗೆ," ಅಂದ. ಅವಳು ಕೈ ತೆಗೆಯಲಿಲ್ಲ. ಕಡೆಗೆ ತಲೆ ಎತ್ತಿ ಅವಳ ಮುಖ ನೋಡಿ ಹೇಳಿದ.

"ಏಕನಾಥಮ್ಮ, ಬಾಗ್ಲು ಬಿಡು."

ಪ್ರಾಸವಿಲ್ಲ, ರಾಗವಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅವಳು ಹಿಂದಕ್ಕೆ ಕಳಿಸುತ್ತಿದ್ದಳು. ಈಗ ಎರಡೂ ಕೈ ತಾವಾಗಿಯೇ ಇಳಿದವು. ಅವನು ಹೊಸ್ತಿಲು ದಾಟುವಾಗ ಅವಳು ಅವನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಏನು ಹೇಳಿರಬೇಕೆಂದು ಯಾರಾದರೂ ಊಹಿಸಬಹುದು. ಯಜಮಾನರು ಕತ್ತು ಚಾಚಿದರು, ನಾನೂ ಚಾಚಿದೆ. ಇಬ್ಬರಿಗೂ ಕೇಳಿಸಲಿಲ್ಲ. ಆದರೆ ಆ ಮನುಷ್ಯನ ಮುಖ ನೋಡಿ ನನಗೆ ಆದ ಸಂತೋಷ, ನನ್ನ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ. ನನ್ನ ಹೆಂಡತಿ ಇದನ್ನು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಯಜಮಾನರು ತಾವೇ ಏಣಿ ಹತ್ತಿ ಫ್ಲೆಕ್ಸ್ ಬಿಚ್ಚಿದರು. ಕೊಬ್ಬರಿ ವ್ಯಾಪಾರದವರಲ್ಲವೇ, ಬಿಸಾಡಲು ಮನಸ್ಸು ಬರದೆ ಹಿತ್ತಲಿನ ಸೌದೆಗೆ ಹೊದಿಸಿದರು. ರೊಟ್ಟಿ ಹಲಗೆ ತನ್ನ ಜಾಗಕ್ಕೆ ವಾಪಸಾಯಿತು.

ಶನಿವಾರ ಊಟದ ಹಾಲ್ ಜನರಿಂದ ತುಂಬಿತ್ತು. ಮೂಲೆಯ ಮೇಜಿನಲ್ಲಿ ಜಂಪಣ್ಣ ಕಂಬಳಿ ಮಡಿಸಿ ಪಕ್ಕಕ್ಕಿಟ್ಟುಕೊಂಡು ಹೋಳಿಗೆ ತಿನ್ನುತ್ತಿದ್ದ. ಅವನು ಯಾರೆಂದು ಅಲ್ಲಿದ್ದ ಗಿರಾಕಿಗಳಿಗೆ ಗೊತ್ತಿರಲಿಲ್ಲ. ಜೋಡಿಗಳ ಸರದಿ ಮುಗಿದು ಏಕನಾಥಮ್ಮನ ಸರದಿ ಬಂತು. ಹೊಂಡ ಬಂತು, ಗಂಡ ಬಂದ, 'ಅವ್ರ ಹೆಸರು' ಎಂದು ನಿಲ್ಲಿಸಿದಳು. ಮೂಲೆಯ ಮೇಜಿನ ಕಡೆ ಒಮ್ಮೆ ನೋಡಿ, ರೊಟ್ಟಿ ಸೀದೋಗ್ತಾವೆ ಎಂದು ಯಾವತ್ತಿನಂತೆ ಒಳಗೆ ಓಡಿದಳು.

ಫ್ಲೆಕ್ಸ್ ನೋಡಿ ರೂಮು ಹಿಡಿದಿದ್ದವರೊಬ್ಬರು ಕೌಂಟರಿಗೆ ಬಂದು ದೂರಿದರು. "ಆಯಮ್ಮ ಹೆಸರು ಹೇಳ್ಲೇ ಇಲ್ವಲ್ಲ. ನಾವು ಅದಕ್ಕೇ ಬಂದಿದ್ದು."

ನಾನು ಬಾಯಿ ತೆರೆಯುವ ಮೊದಲೇ, ಒಂದು ಹಪ್ಪಳ ಹೆಚ್ಚಿಗೆ ಕೊಟ್ಟರೂ ಬಿಲ್ಲಿಗೆ ಸೇರಿಸುವ ನಮ್ಮ ಪಂಚಾಕ್ಷರಪ್ಪನವರು ಹೇಳಿದರು. "ಅದು ಊಟದ ರೇಟಿನಾಗೆ ಸೇರಿಲ್ಲ ಸಾರ್."

"ಎಕ್ಸ್‌ಟ್ರಾ ಎಷ್ಟಾಗುತ್ತೆ ಹೇಳಿ, ಕೊಡೋಣ."

ಯಜಮಾನರು ಮೂಲೆಯ ಮೇಜಿನ ಕಡೆಗೆ ನೋಡಿದರು. "ಅದಕ್ಕೆ ರೇಟೇ ಇಲ್ಲ," ಅಂದರು. "ಕುಂತ್ಕಳ್ರಿ, ಇನ್ನೊಂದು ಹೋಳಿಗೆ ಹಾಕಿಸ್ತೀನಿ."