ಹಸುಗೂಸುಗಳ ಮದ್ದು ಅರೆಯುವ ಸನಾವುಲ್ಲಾ ಸಾಬರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರೇಷ್ಮೆ ಸೀಮೆಯ ವಿಜಯಪುರದ ಬಳಿಯ ಸಣ್ಣ ಆಸ್ಪತ್ರೆಯೊಂದರ ಔಷಧಿ ಕೊಠಡಿಯಲ್ಲಿ ಸೀಮೆಎಣ್ಣೆ ಸ್ಟೌ ಬುಸುಗುಡುತ್ತಿದೆ. ಅದರ ಮೇಲಿನ ಪಾತ್ರೆಯಲ್ಲಿ ಖಾಲಿ ಸೀಸೆಗಳು ಕುದಿಯುತ್ತಿವೆ. ಪಕ್ಕದಲ್ಲಿ ಕಾಂಪೌಂಡರ್ ಸನಾವುಲ್ಲಾ ಸಾಬರು ಪಿಂಗಾಣಿ ಕಲ್ಬತ್ತಿನಲ್ಲಿ ಬಿಳಿಪುಡಿ ಅರೆಯುತ್ತಿದ್ದಾರೆ. ಬಲಗೈ ಸೋತರೆ ಎಡಗೈ, ಎಡಗೈ ಸೋತರೆ ಮತ್ತೆ ಬಲಗೈ. ಮುಖದ ಮೇಲಿಂದ ನಿನ್ನೆಯ ದಣಿವೇ ಇನ್ನೂ ಇಳಿದಿಲ್ಲ.

ಇದು ಭೇದಿ ನಿಲ್ಲಿಸುವ ಮದ್ದು. ಹಸುಗೂಸುಗಳು ಮಾತ್ರೆ ನುಂಗಲಾರವು, ಎಲ್ಲವನ್ನೂ ಕುಡಿಸಿಯೇ ಆಗಬೇಕು. ಪುಡಿ ನುಣ್ಣಗಾಗದಿದ್ದರೆ ತಳಕ್ಕೆ ಕೂರುತ್ತದೆ. ಮೊದಲ ಚಮಚದಲ್ಲಿ ಬರೀ ಸಿಹಿನೀರು, ಕೊನೆಯ ಚಮಚದಲ್ಲಿ ಮದ್ದೆಲ್ಲಾ. ಅದಕ್ಕೇ ಅಂಟು ಬೆರೆಸಿ ಅರೆದು, ಸಕ್ಕರೆ ಪಾಕ, ಕುದಿಸಿ ಆರಿಸಿದ ನೀರು ಸೇರಿಸುತ್ತಾರೆ. ಇಷ್ಟಾದರೂ ಕೆಲವೇ ದಿನ ಬಾಳುತ್ತದೆ.

"ಡಾಕ್ಟ್ರು ಬರ್ದಿದ್ದು ಮಾಡ್ತೀನಿ. ದೊಡ್ಡಸ್ತಿಕೆ ಏನಿಲ್ಲ, ತೋಳು ನೋಯ್ತದೆ ಅಷ್ಟೇ" ಎಂದು ಅವರ ಕೆಲಸದ ಬಗ್ಗೆ ಬರೆಯಲು ಬಂದ ನಮಗೆ ಹೇಳುತ್ತಾರೆ. ಅಪ್ಪ ರೇಷ್ಮೆಗೆ ಹುರಿ ಹಾಕುತ್ತಿದ್ದವರು. ಮಗ 1962ರಲ್ಲಿ ಈ ಕೆಲಸ ಹಿಡಿದರು. ಈಗ 1976. ಸಂಜೆ ಹೆಂಡತಿ ಬಶೀರುನ್ನೀಸಾ ಬಿಸಿ ಉಪ್ಪಿನ ಗಂಟು ಒತ್ತದಿದ್ದರೆ ಭುಜ ಮೇಲೇಳುವುದಿಲ್ಲ.

ಕಿಟಕಿ ತೆರೆದದ್ದೇ ತಡ, ಹಳ್ಳಿಯಿಂದ ಬಂದ ಮುನಿಗಂಗಮ್ಮ ಮೊನ್ನೆ ಒಯ್ದಿದ್ದ ಮದ್ದಿನ ಸೀಸೆ ಚಾಚುತ್ತಾರೆ. ಬಿರಡೆ ಹಾರಿಹೋಗಿದೆ, ಬಾಯ್ತುಂಬಾ ನೊರೆ. ಸೊಂಟದಲ್ಲಿರುವ ಕೂಸಿನ ಕಣ್ಣು ಗುಳಿಬಿದ್ದಿದೆ.

"ಎಲ್ಲಿಟ್ಟಿದ್ದೆ ತಾಯಿ ಇದನ್ನ?"

"ಹುಳದ ಕೋಣೇಲಿ ಸಾಬ್ರೇ. ಚಳಿ ಅಂತ ಕೆಂಡ ಇಕ್ಕಿದ್ವಿ. ಹುಳಕ್ಕೆ ಒಪ್ಪಿದ್ದು ಕೂಸಿಗೆ ಒಪ್ಪಲ್ವಾ?"

ರೇಷ್ಮೆ ಹುಳ ಸಾಕುವ ಮನೆಯಲ್ಲಿ ಹುಳದ ಕೋಣೆಗಿರುವ ಮಡಿ ದೇವರ ಕೋಣೆಗೂ ಇಲ್ಲ. ಕಾಲು ತೊಳೆಯದೆ ಯಜಮಾನನೂ ಒಳಗೆ ಹೋಗುವಂತಿಲ್ಲ. ಮದ್ದನ್ನು ಮನೆಯ ಅತ್ಯಂತ ಜೋಪಾನದ ಜಾಗದಲ್ಲೇ ಇಟ್ಟಿದ್ದಾರೆ ಆಯಮ್ಮ. ಆ ಕಾವಿಗೇ ಅದು ಹುಳಿತುಹೋಗಿದೆ. ಬೈಯುವುದಾದರೂ ಹೇಗೆ?

"ಕುಡಿಸಿದ್ಯಾ?"

"ನಾಲ್ಗೆಗೆ ಮುಟ್ಟಿಸ್ದೆ. ಉಗುದ್ಬಿಡ್ತು."

"ನಿನಗಿಂತ ಕೂಸೇ ವಾಸಿ. ಮೊದ್ಲು ಡಾಕ್ಟ್ರಿಗೆ ತೋರ್ಸು, ಓಡು."

ಡಾಕ್ಟರು ಅದೇ ಮದ್ದು ಮತ್ತೆ ಬರೆಯುತ್ತಾರೆ. ಕುದಿಸಿ ಆರಿಸಿದ ನೀರು ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು, ಸಂಜೆಯವರೆಗೂ ಇಲ್ಲೇ ಇರಬೇಕು ಎನ್ನುತ್ತಾರೆ. ಸಾಬರು ಹೊಸ ಸೀಸೆ ತುಂಬಿಸಿ, ಚೆನ್ನಾಗಿ ಅಲುಗಿಸಿ, ಮೊದಲ ಚಮಚವನ್ನು ತಾವೇ ಕಿಟಕಿಯಿಂದ ಹಿಡಿಯುತ್ತಾರೆ. ಕೂಸು ಮುಖ ಕಿವುಚಿ, ಕೊನೆಗೂ ನುಂಗುತ್ತದೆ. ನೋಡುತ್ತಿದ್ದ ನಮಗೆ ಹೋದ ಜೀವ ಬಂದಂತಾಗುತ್ತದೆ.

"ಮನೇಲಿ ನೀರಿನ ಮಡಕೆ ಪಕ್ಕ ಇಡು, ತಂಪಾಗಿರ್ಲಿ. ಹುಳದ ಹತ್ರ ಬೇಡ" ಎಂದು ಮತ್ತೆ ಮತ್ತೆ ಹೇಳಿ ವರಾಂಡಕ್ಕೆ ಕಳಿಸುತ್ತಾರೆ.

ನಿಮಗೇನು ಆಸೆ ಎಂದು ನಾವು ಕೇಳಿದರೆ ಸಾಬರು ತೋಳು ನೀವಿಕೊಳ್ಳುತ್ತಾರೆ. ಆಮೇಲೆ, "ಮದ್ದು ಬೇಕಾದಾಗ ಎಲ್ಲಾರೂ ಬರ್ತಾರೆ. ಆಮೇಲೆ ವಾಸಿ ಆಯ್ತೋ ಇಲ್ವೋ, ಹೇಳೋರೇ ಇಲ್ಲ. ಬರ್ಲಿಲ್ಲ ಅಂದ್ರೆ ವಾಸಿ ಆಯ್ತು ಅಂದ್ಕೊಂತೀನಿ. ಹಂಗಂದ್ಕೊಳ್ದೆ ಇದ್ರೆ ಊಟ ಗಂಟಲಲ್ಲಿ ಇಳಿಯಲ್ಲ" ಎನ್ನುತ್ತಾರೆ. ಕಿಟಕಿಯಾಚೆ, ವರಾಂಡದಲ್ಲಿ ಕೂಸಿಗೆ ಗುಟುಕು ಗುಟುಕಾಗಿ ನೀರು ಕುಡಿಸುತ್ತಿರುವ ಮುನಿಗಂಗಮ್ಮನನ್ನು ನೋಡುತ್ತಾರೆ.

"ರೇಷ್ಮೆ ಗೂಡು ಮಾರೋಕೆ ಈ ಕಡೆ ಬಂದಾಗ ಈಯಮ್ಮ ಕೂಸನ್ನ ಒಂದ್ಸಲ ತೋರಿಸ್ಬಿಟ್ಟು ಹೋಗ್ಲಿ. ಸಾಕು."