ಮೊದಲು ಕೂಗಿದವಳು ನಾನು

ನಿನ್ನೆ ನಾವು ಗೆಳತಿಯರು ಫೋನಿನಲ್ಲಿ ಸುಳಿವಿನ ಆಟ ಆಡುತ್ತಿದ್ದೆವು. ಶಾಂತಿಯ ಸರದಿ. “ಕಿಸೆದಾಗ ಇರತೈತಿ, ಒಳಗ ಬೆಳ್ಳಗ, ಬೆರಳಿಗೆ ಅಂಟತೈತಿ” ಎಂದು ಬರೆದಳು. ಸುಣ್ಣದ ಡಬ್ಬಿ. ಗೊತ್ತಿದ್ದೂ ನನ್ನ ಬೆರಳು ಏಳಲಿಲ್ಲ.

ನಾವು ಚಿಕ್ಕವರಿದ್ದಾಗ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ನಮ್ಮ ತಗಡಿನ ಶೆಡ್ಡುಗಳಿದ್ದವು. ಯಾದಗಿರಿ ಕಡೆಯಿಂದ ಬಂದ ನಮ್ಮ ಅಪ್ಪಂದಿರು ಕಂಪ್ಯೂಟರ್ ಕಂಪನಿಗಳಿಗೆ ಗಾಜಿನ ಕಟ್ಟಡ ಕಟ್ಟುತ್ತಿದ್ದರು. ಹುಡುಗಿಯರಾದ ನಾವು ಆಗಲೂ ಇದೇ ಆಟ ಆಡುತ್ತಿದ್ದೆವು. ಮೂರು ಗುರುತು ಹೇಳಿದರೆ, ಯಾರ ಅಪ್ಪ ಎಂದು ಮೊದಲು ಕೂಗಿದವಳು ಗೆದ್ದಂತೆ.

ಒಂದು ಮಧ್ಯಾಹ್ನ ಸೂಪರ್‌ವೈಸರ್ ಬಂದ. ಅವನ ಹಾಜರಿ ಪಟ್ಟಿಯಲ್ಲಿ ಕೂಲಿಗಳಿಗೆ ಹೆಸರಿರಲಿಲ್ಲ, ನಂಬರಿತ್ತು. ಎಡಗೈ ಮೇಲೆ ಚೇಳಿನ ಹಚ್ಚೆ, ಒಂದೇ ಕಿವಿಯಲ್ಲಿ ರಿಂಗು, ಕಿಸೆಯಲ್ಲಿ ಸುಣ್ಣದ ಡಬ್ಬಿ, ಯಾರು ಎಂದು ಹಿಂದಿಯಲ್ಲಿ ಕೇಳಿದ. ಶೆಡ್ಡಿನಲ್ಲಿ ಹಿಂದಿ ಬರುತ್ತಿದ್ದದ್ದು ಮಕ್ಕಳಿಗೆ ಮಾತ್ರ.

“ಶಾಂತಿ ಅಪ್ಪ! ನಾ ಗೆದ್ದೆ!” ಎಂದು ಶಾಂತಿಯ ಕೈ ಹಿಡಿದು ಕುಣಿದೆ.

ರೊಟ್ಟಿ ಬಡಿಯುತ್ತಿದ್ದ ಅವಳ ಅವ್ವ ತಿರುಗಿ, “ಏನಂತಾನವ್ವ ಅವ? ನಮ್ಮನಿಯವರನ್ನ ಯಾಕ ಕೇಳಾಕತ್ತಾನ?” ಎಂದಳು.

ಸೂಪರ್‌ವೈಸರ್ ‘ಶಾಂತಿ ಅಪ್ಪ’ ಎಂದೇ ಬರೆದುಕೊಂಡು, ಮೇಲಿಂದ ಬಿದ್ದು ಸತ್ತಿದ್ದಾನೆ ಎಂದ. ಅದನ್ನು ಕನ್ನಡದಲ್ಲಿ ಹೇಳಬೇಕಾದವಳೂ ನಾನೇ.

ನಿನ್ನೆ ಸಮಯ ಮುಗಿಯಿತು, ಯಾರೂ ಗೆಲ್ಲಲಿಲ್ಲ. ಆಮೇಲೆ ಶಾಂತಿ ನನಗೊಬ್ಬಳಿಗೇ ಬರೆದಳು: “ಈ ಸಲ ಯಾಕ ಸುಮ್ಮನ ಕುಂತಿ?”